ಮರಳಿನಿಂದ ಮಖಮಲ್ಲು

ಮಾಗಿಯ ಚಳಿ ಬಂತೆಂದರೆ ನಮ್ಮ ತುಮಕೂರು ಸೀಮೆಯ ಮನೆಗಳಲ್ಲಿ ಎರಡು ಸಂಗತಿಗಳು ತಪ್ಪದೆ ಕಂಡುಬರುತ್ತವೆ. ಸೀಸೆಯೊಳಗಿನ ಕೊಬ್ಬರಿ ಎಣ್ಣೆ ಗಟ್ಟಿಯಾಗುತ್ತದೆ. ಹಿಮ್ಮಡಿ, ತುಟಿ, ಮೊಣಕೈಗಳ ಚರ್ಮ ಒಡೆಯುತ್ತದೆ. ನಮ್ಮ ಕೋರದಲ್ಲಿ ಎರಡನೆಯದಕ್ಕೆ ಮೊದಲನೆಯದೇ ಮದ್ದು. ಸೀಸೆಯನ್ನು ಎಳೆಬಿಸಿಲಿನಲ್ಲಿಟ್ಟು, ಎಣ್ಣೆ ಕರಗಿದ ಮೇಲೆ ಕೈಕಾಲಿಗೆ ತಿಕ್ಕುವುದು ಹಿರಿಯರಿಂದ ಬಂದ ಪದ್ಧತಿ.

ಹೋದ ಚಳಿಗಾಲದಲ್ಲಿ ಕಾಲೇಜಿನ ಒಬ್ಬ ವಿದ್ಯಾರ್ಥಿನಿ ಒಂದು ಸಣ್ಣ ಟ್ಯೂಬನ್ನು ತಂದು ನನ್ನ ಮೇಜಿನ ಮೇಲಿಟ್ಟಳು. “ಸಾರ್, ಇದನ್ನು ಹಚ್ಚಿಕೊಂಡರೆ ಕೈ ಮಖಮಲ್ಲಿನಂತಾಗುತ್ತದೆ, ಜಿಡ್ಡೂ ಇರುವುದಿಲ್ಲ. ಇದು ಚರ್ಮಕ್ಕೆ ಪೋಷಣೆ ಎಂದು ಅಂಗಡಿಯವರು ಹೇಳಿದರು. ಇಷ್ಟು ದುಡ್ಡು ಕೊಟ್ಟಿದ್ದು ಬರೀ ಮೋಸ ಎನ್ನುತ್ತಾರೆ ನಮ್ಮಮ್ಮ. ಯಾರ ಮಾತು ನಿಜ?” ಎಂದು ಕೇಳಿದಳು. ಅವಳು ಹೇಳಿದ್ದು ಸುಳ್ಳಲ್ಲ. ಕಡಲೆಕಾಳಿನಷ್ಟು ತೆಗೆದು ಕೈಮೇಲೆ ಸವರಿದೊಡನೆ ಬೆರಳು ಜಾರಿತು; ಒಂದು ನಿಮಿಷದಲ್ಲಿ ಒದ್ದೆ ಹೋಯಿತು; ಉಳಿದದ್ದು ರೇಷ್ಮೆಯ ಪುಡಿ ಸವರಿದಂಥ ನುಣುಪು. ಟ್ಯೂಬಿನ ಮೇಲಿನ ಪಟ್ಟಿಯಲ್ಲಿ ‘ಸೈಕ್ಲೊಪೆಂಟಾಸಿಲೋಕ್ಸೇನ್’, ‘ಡೈಮೆಥಿಕೋನ್ ಕ್ರಾಸ್‌ಪಾಲಿಮರ್’ ಎಂಬ ಎರಡು ಉದ್ದನೆಯ ಹೆಸರುಗಳಿದ್ದವು. ಮೊದಲನೆಯದು ಒಂದು ದ್ರವ. ಎರಡನೆಯದು ಒಂದು ಬಗೆಯ ರಬ್ಬರು! ರಬ್ಬರನ್ನು ಮುಖಕ್ಕೆ ಹಚ್ಚಿಕೊಳ್ಳುವುದೆಂದರೇನು? ತಾಯಿ ಮಗಳ ವಾದವನ್ನು ತೀರ್ಮಾನಿಸಬೇಕಾದರೆ ಮೊದಲು ಈ ರಬ್ಬರಿನ ಸ್ವಭಾವವನ್ನು ತಿಳಿಯಬೇಕು.

ಬೆನ್ನೆಲುಬು ಕಲ್ಲಿನದು, ಹೊದಿಕೆ ಎಣ್ಣೆಯದು

ಮರಳು ಸಿಲಿಕಾನ್ ಮತ್ತು ಆಮ್ಲಜನಕಗಳ ಸಂಯುಕ್ತವೆಂಬುದು ವಿದ್ಯಾರ್ಥಿಗಳಿಗೆ ತಿಳಿದ ವಿಷಯ. ಶುದ್ಧ ಬೆಣಚುಕಲ್ಲನ್ನು ಇದ್ದಿಲಿನೊಡನೆ ವಿದ್ಯುತ್ ಕುಲುಮೆಯಲ್ಲಿ ಕಾಯಿಸಿದರೆ ಆಮ್ಲಜನಕ ಕಳಚಿಹೋಗಿ ಸಿಲಿಕಾನ್ ಉಳಿಯುತ್ತದೆ. ಇದಕ್ಕೆ ಹತ್ತಿರದ ಒಂದು ಕೆಲಸ ನಮ್ಮ ನಾಡಿನಲ್ಲಿಯೂ ನಡೆದಿದೆ. ಭದ್ರಾವತಿಯ ಕಬ್ಬಿಣ ಮತ್ತು ಉಕ್ಕಿನ ಕಾರ್ಖಾನೆಯಲ್ಲಿ ಹಿಂದೆ ವಿದ್ಯುತ್ ಕುಲುಮೆಗಳಿಂದ ಫೆರೊಸಿಲಿಕಾನ್ ತಯಾರಾಗುತ್ತಿತ್ತು. ಸಿಲಿಕಾನ್ ಎಂಬುದು ಮೂಲವಸ್ತು. ಸಿಲಿಕೋನ್ ಎಂಬುದು ಅದರಿಂದ ಮನುಷ್ಯ ಕಟ್ಟಿದ ದೊಡ್ಡ ಅಣು. ಹೆಸರುಗಳಲ್ಲಿ ಒಂದೇ ಅಕ್ಷರದ ವ್ಯತ್ಯಾಸವಿದ್ದರೂ ವಸ್ತುಗಳು ಬೇರೆ ಬೇರೆ ಎಂಬುದನ್ನು ಮರೆಯಬಾರದು.

ಸಿಲಿಕೋನ್ ಎಂಬ ಹೆಸರನ್ನು ಬಳಕೆಗೆ ತಂದವನು ಇಂಗ್ಲೆಂಡಿನ ನಾಟಿಂಗ್‌ಹ್ಯಾಮಿನಲ್ಲಿ ಪ್ರಾಧ್ಯಾಪಕನಾಗಿದ್ದ ಫ್ರೆಡರಿಕ್ ಕಿಪ್ಪಿಂಗ್. ಅವನು ಹಲವು ದಶಕಗಳ ಕಾಲ ಸಿಲಿಕಾನ್ ಸಂಯುಕ್ತಗಳ ಮೇಲೆ ದುಡಿದನು. ಅವನ ಪಾತ್ರೆಗಳ ತಳದಲ್ಲಿ ಆಗಾಗ ಅಂಟಂಟಾದ ಒಂದು ಪದಾರ್ಥ ಉಳಿಯುತ್ತಿತ್ತು. ಅದನ್ನು ಅವನು ಬೇಡದ ಕಸವೆಂದೇ ಎಣಿಸಿದನು. 1937ರಲ್ಲಿ ಪ್ರಕಟವಾದ ಒಂದು ಪ್ರಸಿದ್ಧ ಉಪನ್ಯಾಸದಲ್ಲಿ, ಈ ಶಾಖೆಯಲ್ಲಿ ಸದ್ಯದಲ್ಲಿ ಮಹತ್ವದ ಮುನ್ನಡೆಯಾಗುವ ಭರವಸೆಯಿಲ್ಲ ಎಂಬ ಅಭಿಪ್ರಾಯವನ್ನೂ ಸೂಚಿಸಿದನು. ಮೂರೇ ವರ್ಷಗಳಲ್ಲಿ ಆ ಮಾತು ಸುಳ್ಳಾಯಿತು. 1940ರಲ್ಲಿ ಅಮೆರಿಕದ ಜನರಲ್ ಎಲೆಕ್ಟ್ರಿಕ್ ಕಂಪನಿಯ ಪ್ರಯೋಗಾಲಯದಲ್ಲಿ ಯೂಜೀನ್ ರೋಕೋ ಎಂಬುವನು, ತಾಮ್ರ ಬೆರೆಸಿದ ಸಿಲಿಕಾನಿನ ಪುಡಿಯನ್ನು ಸುಮಾರು 300 ಡಿಗ್ರಿಯಷ್ಟು ಕಾಯಿಸಿ, ಅದರ ಮೇಲೆ ಮೀಥೈಲ್ ಕ್ಲೋರೈಡ್ ಅನಿಲವನ್ನು ಹಾಯಿಸಿದನು. ದೊರೆತ ದ್ರವವನ್ನು ನೀರಿನೊಡನೆ ಬೆರೆಸಿದರೆ ಕ್ಲೋರಿನ್ ಬಿಟ್ಟುಹೋಗಿ, ಸಿಲಿಕಾನ್, ಆಮ್ಲಜನಕ, ಸಿಲಿಕಾನ್, ಆಮ್ಲಜನಕ ಎಂದು ಉದ್ದಕ್ಕೂ ಸಾಗುವ ಸರಪಣಿಗಳು ಹುಟ್ಟುತ್ತವೆ. ಪ್ರತಿಯೊಂದು ಸಿಲಿಕಾನಿಗೂ ಇಕ್ಕೆಲಗಳಲ್ಲಿ ಎರಡು ಮೀಥೈಲ್ ಗುಂಪುಗಳು ಅಂಟಿಕೊಂಡಿರುತ್ತವೆ. ಅಂದರೆ, ಈ ಅಣುವಿನ ಬೆನ್ನೆಲುಬು ಕಲ್ಲಿನದು, ಹೊದಿಕೆ ಎಣ್ಣೆಯದು.

ಈ ಎರಡು ಗುಣಗಳ ಕೂಡಿಕೆಯಿಂದಲೇ ಸಿಲಿಕೋನಿನ ವೈಚಿತ್ರ್ಯವೆಲ್ಲ ಉಂಟಾಗಿದೆ. ಸಿಲಿಕಾನ್–ಆಮ್ಲಜನಕ ಬಂಧ ಬಲವಾದುದು. ಆದರೆ ಅದರ ಕೀಲುಗಳು ಬಹಳ ಸಡಿಲ. ಸರಪಣಿ ಸುಲಭವಾಗಿ ಬಾಗುತ್ತದೆ, ಹೊರಳುತ್ತದೆ. ಮೀಥೈಲ್ ಗುಂಪುಗಳು ಒಂದನ್ನೊಂದು ಹೆಚ್ಚಾಗಿ ಸೆಳೆಯವು. ಆದುದರಿಂದ ನೆರೆಹೊರೆಯ ಸರಪಣಿಗಳು ಪರಸ್ಪರ ಜಾರುತ್ತಲೇ ಇರುತ್ತವೆ. ಕೊಬ್ಬರಿ ಎಣ್ಣೆಯ ಅಣುಗಳು ಸುಮಾರು 24 ಡಿಗ್ರಿಗಿಂತ ತಣ್ಣಗಾದರೆ ಒಂದರ ಪಕ್ಕ ಒಂದು ಒತ್ತಾಗಿ ಕುಳಿತು ಎಣ್ಣೆ ಗಟ್ಟಿಯಾಗುತ್ತದೆ. ಸಿಲಿಕೋನ್ ಎಣ್ಣೆಯಾದರೋ ಸೊನ್ನೆಯ ಕೆಳಗೆ 40 ಡಿಗ್ರಿಯ ಚಳಿಯಲ್ಲಿಯೂ ಹರಿಯುತ್ತದೆ. ಅದರ ಸರಪಣಿಗಳ ಚಲನೆ ಪೂರಾ ಸ್ತಬ್ಧವಾಗಿ ಗಾಜಿನಂತಾಗಬೇಕಾದರೆ ಸೊನ್ನೆಯ ಕೆಳಗೆ ಸುಮಾರು 125 ಡಿಗ್ರಿಗೆ ಹೋಗಬೇಕು. 1969ರಲ್ಲಿ ಚಂದ್ರನ ಮೇಲೆ ನಡೆದವರ ಮೇಲ್ಬೂಟುಗಳ ಅಟ್ಟೆಯನ್ನು ಸಿಲಿಕೋನ್ ರಬ್ಬರಿನಿಂದ ಮಾಡಿದ್ದುದು ಕಾರಣವಿಲ್ಲದೆ ಅಲ್ಲ.

ಇನ್ನೊಂದು ಗುಣ ಮೇಲ್ಮೈ ಕರ್ಷಣ. ನೀರಿನ ಮೇಲ್ಮೈ ಕರ್ಷಣ ಮೀಟರಿಗೆ ಸುಮಾರು 72 ಮಿಲಿನ್ಯೂಟನ್. ಸಿಲಿಕೋನ್ ದ್ರವದ್ದು ಬರೀ 20ರ ಆಸುಪಾಸು. ಆದುದರಿಂದ ಅದು ಚರ್ಮದ ಮೇಲೆ ಹನಿಯಾಗಿ ನಿಲ್ಲದೆ ಸಣ್ಣಪುಟ್ಟ ಗೆರೆಗಳೊಳಕ್ಕೆಲ್ಲ ತಾನಾಗಿಯೇ ಹಬ್ಬಿಕೊಳ್ಳುತ್ತದೆ.

ಸರಪಣಿ ಬಲೆಯಾದದ್ದು

ಇಷ್ಟಾದರೂ ಸಿಲಿಕೋನ್ ಎಣ್ಣೆ ಎಣ್ಣೆಯೇ. ಸುರಿದರೆ ಹರಿಯುತ್ತದೆ. ಅದು ಮಖಮಲ್ಲಿನ ಮುದ್ದೆಯಾದದ್ದು ಹೇಗೆ?

ಅಂಗಳದಲ್ಲಿ ತೆಂಗಿನ ನಾರಿನ ಹಗ್ಗದ ತುಂಡುಗಳನ್ನು ರಾಶಿ ಹಾಕಿದೆ ಎಂದುಕೊಳ್ಳೋಣ. ಒಂದು ತುದಿ ಹಿಡಿದು ಎಳೆದರೆ ಒಂದು ಹಗ್ಗ ಜಾರಿ ಈಚೆ ಬರುತ್ತದೆ. ರಾಶಿ ಅಲ್ಲಿಯೇ ಉಳಿಯುತ್ತದೆ. ಅದೇ ಹಗ್ಗಗಳನ್ನು ಅಲ್ಲಲ್ಲಿ ಒಂದಕ್ಕೊಂದು ಸೇರಿಸಿ ಗಂಟು ಹಾಕಿದರೆ? ಆಗ ಒಂದನ್ನು ಎಳೆದರೆ ಇಡೀ ರಾಶಿಯೇ ಬರುತ್ತದೆ. ಹಗ್ಗ ಬಲೆಯಾಯಿತು. ಅಣುಗಳ ಲೋಕದಲ್ಲಿ ಇಂಥ ಗಂಟಿಗೆ ಅಡ್ಡಬಂಧವೆಂದು ಹೆಸರು. 1839ರಲ್ಲಿ ಚಾರ್ಲ್ಸ್ ಗುಡ್‌ಇಯರ್ ಮರದ ರಬ್ಬರಿಗೆ ಗಂಧಕ ಬೆರೆಸಿ ಕಾಯಿಸಿದಾಗ ಆದದ್ದು ಇದೇ. ಸುಳ್ಯ, ಪುತ್ತೂರುಗಳ ತೋಟಗಳಲ್ಲಿ ಇಳಿಸುವ ರಬ್ಬರಿನ ಹಾಲಿನಿಂದ ಬರುವ ಹಸಿ ರಬ್ಬರು ಬಿಸಿಲಿಗೆ ಮೆತ್ತಗಾಗಿ ಅಂಟುತ್ತದೆ. ಗಂಧಕದ ಅಡ್ಡಬಂಧಗಳು ಬಿದ್ದ ಮೇಲೆ ಅದೇ ರಬ್ಬರು ಗಾಡಿಯ ಟೈರಾಗಿ ನಿಲ್ಲುತ್ತದೆ.

ಇಲ್ಲಿ ಆಶ್ಚರ್ಯಪಡಬೇಕಾದ ಮಾತೊಂದಿದೆ. ದ್ರವವನ್ನು ಬಲೆಯಾಗಿಸಲು ಗಂಟುಗಳು ಹೇರಳವಾಗಿ ಬೇಕಿಲ್ಲ. ನೂರಾರು ಕೊಂಡಿಗಳುಳ್ಳ ಪ್ರತಿಯೊಂದು ಸರಪಣಿಯಲ್ಲಿ ಸರಾಸರಿ ಒಂದೆರಡು ಕಡೆ ಬಂಧ ಬಿದ್ದರೆ ಸಾಕು. ಬಲೆ ಪಾತ್ರೆಯ ಒಂದು ಅಂಚಿನಿಂದ ಇನ್ನೊಂದು ಅಂಚಿನವರೆಗೆ ಹಬ್ಬಿಬಿಡುತ್ತದೆ. ಆಗ ಪಾತ್ರೆಯೊಳಗಿನ ಮುದ್ದೆ ಬಹುಮಟ್ಟಿಗೆ ಒಂದೇ ಅಣು! ಕಣ್ಣಿಗೆ ಕಾಣುವ, ಕೈಯಲ್ಲಿ ಹಿಡಿಯಬಹುದಾದ ಅಣು.

ಸಿಲಿಕೋನಿನಲ್ಲಿ ಗಂಟು ಹಾಕುವ ಕ್ರಮ ಹೀಗಿದೆ. ಕೆಲವು ಸರಪಣಿಗಳಲ್ಲಿ ಅಲ್ಲಲ್ಲಿ ಮೀಥೈಲಿನ ಬದಲು ಹೈಡ್ರೋಜನ್ ಪರಮಾಣುವನ್ನು ಇಟ್ಟಿರುತ್ತಾರೆ. ಬೇರೆ ಸರಪಣಿಗಳ ತುದಿಗಳಲ್ಲಿ ಇಂಗಾಲದ ಜೋಡಿಬಂಧವುಳ್ಳ ಗುಂಪುಗಳಿರುತ್ತವೆ. ಎರಡನ್ನೂ ಒಂದು ತೆಳು ಸಿಲಿಕೋನ್ ದ್ರವದಲ್ಲಿ ಕರಗಿಸಿ, ಹತ್ತು ಲಕ್ಷ ಭಾಗಕ್ಕೆ ಕೆಲವೇ ಭಾಗಗಳಷ್ಟು ಪ್ಲಾಟಿನಮ್ಮಿನ ಸಂಯುಕ್ತವನ್ನು ಸೇರಿಸಿದರೆ, ಹೈಡ್ರೋಜನ್ ಇದ್ದ ಕಡೆ ಜೋಡಿಬಂಧ ಬಂದು ಕೂಡಿಕೊಳ್ಳುತ್ತದೆ. ಪ್ಲಾಟಿನಮ್ ಪುರೋಹಿತನಂತೆ ಕೂಡಿಸುತ್ತದೆಯೇ ಹೊರತು ತಾನು ಸಂಸಾರದಲ್ಲಿ ಸೇರುವುದಿಲ್ಲ. ಹೀಗೆ ಹುಟ್ಟಿದ ಬಲೆಯೇ ಟ್ಯೂಬಿನ ಮೇಲೆ ಬರೆದಿದ್ದ ‘ಕ್ರಾಸ್‌ಪಾಲಿಮರ್’.

ಬಲೆ ಹುಟ್ಟಿದ್ದು ದ್ರವದೊಳಗೆ. ಆದುದರಿಂದ ಆ ದ್ರವವನ್ನು ಅದು ತನ್ನೊಳಗೇ ಹಿಡಿದಿಟ್ಟುಕೊಳ್ಳುತ್ತದೆ. ಇಂಥ ಮುದ್ದೆಗಳಲ್ಲಿ ನೂರಕ್ಕೆ ಹತ್ತು ಹದಿನೈದು ಪಾಲು ಮಾತ್ರ ಬಲೆ, ಉಳಿದುದೆಲ್ಲ ದ್ರವ ಎಂದಿರುವುದು ಸಾಮಾನ್ಯ. ಇದಕ್ಕೆ ಮನೆಯಲ್ಲಿಯೇ ಹೋಲಿಕೆ ಉಂಟು. ಕಾಮಕಸ್ತೂರಿ ಬೀಜವನ್ನು ನೀರಿನಲ್ಲಿ ಹಾಕಿರಿ. ಸ್ವಲ್ಪ ಹೊತ್ತಿನಲ್ಲಿ ಪ್ರತಿಯೊಂದು ಬೀಜದ ಸುತ್ತ ಲೋಳೆಯ ಕವಚ ಊದಿಕೊಳ್ಳುತ್ತದೆ. ಆದರೆ ಅದು ಕರಗಿ ಮಾಯವಾಗುವುದಿಲ್ಲ. ಕಾರಣವೇನು? ದ್ರವದ ಅಣುಗಳು ಸರಪಣಿಗಳ ನಡುವೆ ನುಗ್ಗಿ ಅವನ್ನು ಚದರಿಸಲು ನೋಡುತ್ತವೆ. ಹಿಗ್ಗಿದ ಸರಪಣಿಗಳು ಎಳೆದ ರಬ್ಬರಿನಂತೆ ಹಿಂದಕ್ಕೆ ಜಗ್ಗುತ್ತವೆ. ಈ ಎರಡು ಬಲಗಳು ಸರಿಸಮವಾದ ಕಡೆ ಊತ ನಿಲ್ಲುತ್ತದೆ. ಗಂಟುಗಳು ವಿರಳವಾದಷ್ಟೂ ಊತ ಹೆಚ್ಚು, ಮುದ್ದೆ ಮೆದು. ಗಂಟುಗಳು ಒತ್ತಾದಷ್ಟೂ ಊತ ಕಡಮೆ, ಮುದ್ದೆ ಬಿರುಸು. ಈ ಸಮತೋಲದ ಗಣಿತವನ್ನು 1943ರಲ್ಲಿ ಪಾಲ್ ಫ್ಲೋರಿ ಮತ್ತು ಜಾನ್ ರೇನರ್ ಎಂಬುವರು ಬರೆದಿಟ್ಟರು. ಫ್ಲೋರಿಗೆ ಬೃಹದಣುಗಳ ಮೇಲಿನ ಕೆಲಸಕ್ಕಾಗಿ 1974ರಲ್ಲಿ ನೊಬೆಲ್ ಪಾರಿತೋಷಕ ದೊರೆಯಿತು.

ಓದುಗರು ಇದನ್ನು ಸ್ವತಃ ಅಳೆದು ನೋಡಬಹುದು. ಒಂದು ರಬ್ಬರ್ ಬ್ಯಾಂಡನ್ನು ಕತ್ತರಿಸಿ ಅದರ ಉದ್ದವನ್ನು ಅಳೆಯಿರಿ. ಬಣ್ಣದ ಅಂಗಡಿಯಲ್ಲಿ ಸಿಕ್ಕುವ ಟರ್ಪೆಂಟೈನಿನಲ್ಲಿ ಅದನ್ನು ಒಂದು ರಾತ್ರಿ ಮುಳುಗಿಸಿಟ್ಟು ಮತ್ತೆ ಅಳೆಯಿರಿ. (ಹತ್ತಿರದಲ್ಲಿ ಬೆಂಕಿ ಇರಬಾರದು, ಕಿಟಕಿ ತೆರೆದಿರಲಿ.) ಉದ್ದ ಒಂದೂವರೆ ಪಟ್ಟು ಆಗಿದ್ದರೆ ಗಾತ್ರ ಎಷ್ಟು ಪಟ್ಟು ಹೆಚ್ಚಿತು? ಒಂದೂವರೆಯ ಘನ, ಎಂದರೆ ಸುಮಾರು 3.4 ಪಟ್ಟು. ರಬ್ಬರಿನ ಎರಡರಷ್ಟಕ್ಕಿಂತ ಹೆಚ್ಚು ದ್ರವ ಅದರೊಳಗೆ ಅಡಗಿದೆ! ಅದೇ ಬ್ಯಾಂಡನ್ನು ನೀರಿನಲ್ಲಿಟ್ಟರೆ ಊದುವುದಿಲ್ಲ. ಬಲೆ ತನಗೆ ಒಗ್ಗುವ ದ್ರವವನ್ನು ಮಾತ್ರ ಒಳಗೆ ಬಿಟ್ಟುಕೊಳ್ಳುತ್ತದೆ. ಈ ಮಾತನ್ನು ನೆನಪಿನಲ್ಲಿಡೋಣ, ಮುಂದೆ ಬೇಕಾಗುತ್ತದೆ.

ನೀರನ್ನೂ ಎಣ್ಣೆಯನ್ನೂ ಒಟ್ಟಿಗೆ ಇಡುವ ಬಗೆ

ಕ್ರೀಮು ಎಂದರೆ ಬಹುಮಟ್ಟಿಗೆ ಎಮಲ್ಷನ್. ಒಂದರಲ್ಲೊಂದು ಕರಗದ ಎರಡು ದ್ರವಗಳಲ್ಲಿ ಒಂದು ಸೂಕ್ಷ್ಮವಾದ ಹನಿಗಳಾಗಿ ಇನ್ನೊಂದರಲ್ಲಿ ಹರಡಿದ್ದರೆ ಅದಕ್ಕೆ ಆ ಹೆಸರು. ಹಾಲು ನೀರಿನಲ್ಲಿ ಹರಡಿದ ಕೊಬ್ಬಿನ ಹನಿಗಳು; ಬೆಣ್ಣೆ ಕೊಬ್ಬಿನಲ್ಲಿ ಸಿಕ್ಕಿದ ನೀರಿನ ಹನಿಗಳು. ಚರ್ಮಕ್ಕೆ ಬೇಕಾದ ಗ್ಲಿಸರೀನ್ ಮೊದಲಾದವು ನೀರಿನಲ್ಲಿ ಕರಗುತ್ತವೆ, ಸಿಲಿಕೋನಿನಲ್ಲಿ ಕರಗವು. ಆದುದರಿಂದ ಸಿಲಿಕೋನಿನಲ್ಲಿ ನೀರಿನ ಹನಿಗಳನ್ನು ಹರಡಿ ಕ್ರೀಮು ಮಾಡುವುದುಂಟು.

ಆದರೆ ಹನಿಗಳು ಸುಮ್ಮನಿರುವುದಿಲ್ಲ. ನೀರು ಹೆಚ್ಚು ಭಾರ, ಕೆಳಕ್ಕೆ ಇಳಿಯುತ್ತದೆ. ಎಷ್ಟು ಬೇಗ? ಪದವಿ ತರಗತಿಯ ಸ್ಟೋಕ್ಸ್ ನಿಯಮವನ್ನು ಇಲ್ಲಿ ಪ್ರಯೋಗಿಸೋಣ. ಹನಿಯ ತ್ರಿಜ್ಯ ಒಂದು ಮಿಲಿಮೀಟರಿನ ಸಾವಿರದಲ್ಲಿ 5 ಪಾಲು, ಸಾಂದ್ರತೆಯ ವ್ಯತ್ಯಾಸ ಘನಮೀಟರಿಗೆ 40 ಕಿಲೋಗ್ರಾಂ, ದ್ರವದ ಸ್ನಿಗ್ಧತೆ ನೀರಿನ ನಾಲ್ಕರಷ್ಟು ಎಂದಿಟ್ಟುಕೊಂಡರೆ ಹನಿ ಗಂಟೆಗೆ ಸುಮಾರು 2 ಮಿಲಿಮೀಟರ್ ಇಳಿಯುತ್ತದೆ. ಬೆಳಗ್ಗೆ ತುಂಬಿದ ಸೀಸೆಯಲ್ಲಿ ಮರುದಿನದ ಹೊತ್ತಿಗೆ ನೀರು ತಳ ಸೇರಿರುತ್ತದೆ.

ಇಲ್ಲಿ ಬಲೆಯ ಉಪಕಾರ ವ್ಯಕ್ತವಾಗುತ್ತದೆ. ಊದಿದ ರಬ್ಬರಿನ ಮುದ್ದೆಯನ್ನು ಯಂತ್ರಗಳಲ್ಲಿ ಅರೆದು, ಕಣ್ಣಿಗೆ ಕಾಣದಷ್ಟು ಸಣ್ಣ ಮೆದು ಕಣಗಳಾಗಿ ಮಾಡುತ್ತಾರೆ. ಸಂತೆಯ ಜನರಂತೆ ಒತ್ತಾಗಿ ತುಂಬಿದ ಈ ಕಣಗಳು ಸ್ವಲ್ಪ ಬಲಕ್ಕೆ ಕದಲುವುದಿಲ್ಲ; ಒಂದು ಮಿತಿ ಮೀರಿ ಒತ್ತಿದರೆ ಮಾತ್ರ ಹರಿಯುತ್ತವೆ. ಹಲ್ಲುಜ್ಜುವ ಪೇಸ್ಟಿನ ಸ್ವಭಾವವೂ ಇದೇ. ಮೇಲೆ ಹೇಳಿದ ನೀರಿನ ಹನಿ ತನ್ನ ಭಾರದಿಂದ ಒತ್ತುವುದು ಒಂದು ಪಾಸ್ಕಲಿನ ಸಾವಿರದಲ್ಲಿ ಎರಡು ಮೂರು ಪಾಲಿನಷ್ಟು. ಮುದ್ದೆಯನ್ನು ಹರಿಯಿಸಲು ಬೇಕಾದುದು ಅದರ ಸಾವಿರಾರು ಪಟ್ಟು. ಹನಿ ಇದ್ದಲ್ಲಿಯೇ ಬಂದಿಯಾಗುತ್ತದೆ; ಬೆರಳಿನ ಒತ್ತಡ ಬಂದಾಗ ಮಾತ್ರ ಬಿಡುಗಡೆ. ಕೆಲವು ಬಲೆಗಳಿಗೆ ನೀರನ್ನು ಪ್ರೀತಿಸುವ ಪಾಲಿಈಥರ್ ಸರಪಣಿಗಳನ್ನು ಕಸಿಮಾಡಿರುತ್ತಾರೆ. ಅಂಥ ಬಲೆ ಒಂದು ಕೈಯಲ್ಲಿ ನೀರನ್ನೂ ಇನ್ನೊಂದು ಕೈಯಲ್ಲಿ ಸಿಲಿಕೋನನ್ನೂ ಹಿಡಿದು, ಹನಿಗಳು ಒಂದಾಗದಂತೆ ನಡುವೆ ನಿಲ್ಲುತ್ತದೆ.

ಬೆರಳ ತುದಿಯ ಭೌತಶಾಸ್ತ್ರ

ಇನ್ನು ಮಖಮಲ್ಲಿನ ಅನುಭವ. ಸವರಿದಾಗ ಬೆರಳಿನ ಒತ್ತಡಕ್ಕೆ ಮುದ್ದೆ ಹರಿದು ತೆಳುಪದರವಾಗುತ್ತದೆ. ಬಲೆಯೊಳಗಿನ ತೆಳು ದ್ರವ ಬೇಗನೆ ಆವಿಯಾಗುತ್ತದೆ. ಒಂದು ಗ್ರಾಂ ನೀರು ಆವಿಯಾಗಲು ಸುಮಾರು 2,260 ಜೂಲ್ ಶಾಖ ಬೇಕು. ಈ ದ್ರವಕ್ಕೆ ಅದರ ಹತ್ತರಲ್ಲೊಂದು ಪಾಲೂ ಬೇಡ. ಆದುದರಿಂದ ನೀರು ಒಣಗುವಾಗಿನಂತೆ ಚಳಿಯೆನಿಸುವುದಿಲ್ಲ, ಎಣ್ಣೆಯಂತೆ ಜಿಡ್ಡೂ ಉಳಿಯುವುದಿಲ್ಲ. ಹಿಂದೆ ಉಳಿದ ಮೆದು ರಬ್ಬರಿನ ಕಣಗಳು ಬೆರಳಿಗೂ ಚರ್ಮಕ್ಕೂ ನಡುವೆ ನಿಂತು, ಒತ್ತಿದಾಗ ತಗ್ಗಿ, ಬಿಟ್ಟಾಗ ಉಬ್ಬಿ, ಘರ್ಷಣೆಯನ್ನು ಕುಗ್ಗಿಸುತ್ತವೆ. ಗೆರೆಗಳ ತಗ್ಗನ್ನು ತುಂಬಿದ ಈ ಪದರ ಬೆಳಕನ್ನು ನಾನಾ ದಿಕ್ಕಿಗೆ ಚದರಿಸುವುದರಿಂದ ಗೆರೆಯ ನೆರಳು ಮಸುಕಾಗುತ್ತದೆ. ಚರ್ಮ ನುಣುಪಾದಂತೆ ಕಾಣುತ್ತದೆ.

ಕಾಣುತ್ತದೆ ಎಂದೆ, ಆಗುತ್ತದೆ ಎನ್ನಲಿಲ್ಲ. ನಮ್ಮ ವಿದ್ಯಾರ್ಥಿನಿಯ ಪ್ರಶ್ನೆಗೆ ಉತ್ತರ ಈ ಎರಡು ಕ್ರಿಯಾಪದಗಳ ನಡುವೆ ಇದೆ. ಬಲೆಯ ಅಣು ಅತಿ ದೊಡ್ಡದು, ಚರ್ಮದೊಳಕ್ಕೆ ಇಳಿಯಲಾರದು. ಜೀವಕೋಶಗಳಿಗೆ ಅದು ಆಹಾರವಲ್ಲ. ‘ಪೋಷಣೆ’ ಎಂಬ ಮಾತು ರಬ್ಬರಿಗೆ ಸಲ್ಲುವುದಿಲ್ಲ. ಮುಖ ತೊಳೆದರೆ ನುಣುಪು ಹೋಗುತ್ತದೆ. ಹಾಗೆಂದು ಅದು ಮೋಸವೂ ಅಲ್ಲ. ನುಣುಪು ಭ್ರಮೆಯಲ್ಲ, ಅಳೆಯಬಹುದಾದ ಘರ್ಷಣೆಯ ಇಳಿತ. ಸಿಲಿಕೋನ್ ಎಣ್ಣೆಯನ್ನು ಚರ್ಮವನ್ನು ರಕ್ಷಿಸುವ ಹೊದಿಕೆಯಾಗಿ ಔಷಧಶಾಸ್ತ್ರವೂ ಒಪ್ಪಿದೆ. ಬಲೆ ಹಿಡಿದಿಟ್ಟ ನೀರಿನ ಹನಿಗಳಲ್ಲಿ ಗ್ಲಿಸರೀನ್ ಇದ್ದರೆ ಚರ್ಮಕ್ಕೆ ತೇವ ನೀಡುವುದು ಆ ಗ್ಲಿಸರೀನ್. ಆದರೆ ಒಡೆದ ಹಿಮ್ಮಡಿಗೆ ಮುಖ್ಯವಾಗಿ ಬೇಕಾದುದು ಒಳಗಿನ ತೇವ ಹೊರಗೆ ಹೋಗದಂತೆ ತಡೆಯುವ ಮುಚ್ಚಳ. ಸಿಲಿಕೋನಿನ ಪದರ ಆವಿಯನ್ನು ಬಹುಮಟ್ಟಿಗೆ ಹೊರಗೆ ಬಿಡುತ್ತದೆ. ಆ ಕೆಲಸದಲ್ಲಿ ಅಗ್ಗದ ವ್ಯಾಸಲೀನೇ ಮೇಲು. ಅಮ್ಮನ ಕೊಬ್ಬರಿ ಎಣ್ಣೆಯೂ ಹೀನವಲ್ಲ. ಮಗಳು ಕೊಂಡದ್ದು ಒಂದು ಸ್ಪರ್ಶವನ್ನು. ಅಂಗಡಿಯವರು ಮಾರಿದ್ದು ಪೋಷಣೆಯ ಹೆಸರಿನಲ್ಲಿ. ತಪ್ಪಿರುವುದು ವಸ್ತುವಿನಲ್ಲಲ್ಲ, ಹೆಸರಿನಲ್ಲಿ.

ಆವಿಯಾದುದು ಎಲ್ಲಿಗೆ ಹೋಯಿತು?

ಇನ್ನೊಂದು ಪ್ರಶ್ನೆಯನ್ನು ಆ ಹುಡುಗಿ ಕೇಳಲಿಲ್ಲ, ನಾವು ಕೇಳಬೇಕು. ಆವಿಯಾದ ದ್ರವ ಎಲ್ಲಿಗೆ ಹೋಯಿತು? ಗಾಳಿಗೆ ಸೇರಿದ ಸೈಕ್ಲೊಪೆಂಟಾಸಿಲೋಕ್ಸೇನ್ ಅಲ್ಲಿ ನಿಧಾನವಾಗಿ ಒಡೆಯುತ್ತದೆ. ಆದರೆ ತೊಳೆದ ನೀರಿನೊಡನೆ ಚರಂಡಿ, ಹೊಳೆಗಳನ್ನು ಸೇರಿದ್ದು ತಳದ ಕೆಸರಿನಲ್ಲಿ ಬಹುಕಾಲ ಕೆಡದೆ ಉಳಿಯುತ್ತದೆ. ಈ ಕಾರಣದಿಂದ ಐರೋಪ್ಯ ಒಕ್ಕೂಟವು, ತೊಳೆದುಹಾಕುವ ಸೌಂದರ್ಯ ಸಾಮಗ್ರಿಗಳಲ್ಲಿ ಅದರ ಪ್ರಮಾಣ ನೂರಕ್ಕೆ 0.1 ಪಾಲನ್ನು ಮುಟ್ಟಬಾರದೆಂದು 2020ರ ಜನವರಿ 31ರಿಂದ ಕಟ್ಟುಮಾಡಿತು. 2024ರಲ್ಲಿ ಹೊರಡಿಸಿದ ನಿಯಮವು 2027ರ ಜೂನ್ ತಿಂಗಳಿನಿಂದ ಹಚ್ಚಿ ಹಾಗೆಯೇ ಬಿಡುವ ಕ್ರೀಮುಗಳಿಗೂ ಆ ಮಿತಿಯನ್ನು ವಿಸ್ತರಿಸಿದೆ.

ಹಾಗಾದರೆ ಬಲೆಯೊಳಗೆ ಬೇರೆ ಯಾವ ದ್ರವವನ್ನು ತುಂಬಬೇಕು? ರಬ್ಬರ್ ಬ್ಯಾಂಡು ಕಲಿಸಿದ ಪಾಠ ಇಲ್ಲಿ ನೆನಪಾಗಬೇಕು: ಬಲೆ ತನಗೆ ಒಗ್ಗುವ ದ್ರವವನ್ನು ಮಾತ್ರ ಒಳಗೆ ಬಿಡುತ್ತದೆ. ಸಾಮಾನ್ಯ ಸಿಲಿಕೋನಿನ ಬಲೆ ಕೊಬ್ಬರಿ ಎಣ್ಣೆಯಂಥ ಸಸ್ಯತೈಲದಲ್ಲಿ ಚೆನ್ನಾಗಿ ಊದುವುದಿಲ್ಲ. ಬಲೆಗೆ ಎಣ್ಣೆಯನ್ನು ಹೋಲುವ ಉದ್ದನೆಯ ಇಂಗಾಲದ ಸರಪಣಿಗಳನ್ನು ಕಸಿಮಾಡಿದರೆ ಅದರ ಒಲವು ಬದಲಾಗುತ್ತದೆ. ರಸಾಯನಶಾಸ್ತ್ರಜ್ಞರು ಇಂಥ ಬಲೆಗಳನ್ನು ಈಗ ಕಟ್ಟುತ್ತಿದ್ದಾರೆ.

ಇದು ದೂರದೇಶದ ಕಥೆಯೆಂದು ವಿದ್ಯಾರ್ಥಿಗಳು ಭಾವಿಸಬೇಕಾಗಿಲ್ಲ. ರೋಕೋ ದುಡಿದ ಕಂಪನಿಯ ಸಿಲಿಕೋನ್ ವಿಭಾಗವು 2006ರಲ್ಲಿ ಬೇರೆಯಾಗಿ ಮೊಮೆಂಟಿವ್ ಎಂಬ ಹೆಸರು ಪಡೆಯಿತು. ಅದರ ಒಂದು ಸಂಶೋಧನ ಕೇಂದ್ರ ಬೆಂಗಳೂರಿನಲ್ಲಿದೆ. ಸೌಂದರ್ಯ ಸಾಮಗ್ರಿಗಳಿಗೆಂದು ಹೆಣೆದ ಅಡ್ಡಬಂಧದ ಸಿಲಿಕೋನ್ ಬಲೆಗಳ ಪೇಟೆಂಟುಗಳಲ್ಲಿ ಬೆಂಗಳೂರಿನಲ್ಲಿ ಕೆಲಸ ಮಾಡಿದ ವಿಜ್ಞಾನಿಗಳ ಹೆಸರುಗಳಿವೆ. ಕೋರದಿಂದ ಅಲ್ಲಿಗೆ ಬಸ್ಸಿನಲ್ಲಿ ಹೋಗಿ ಅದೇ ದಿನ ಹಿಂತಿರುಗಬಹುದು. ತೆಂಗಿನ ಸೀಮೆಯ ಹುಡುಗಿಯೊಬ್ಬಳು ಮುಂದೊಂದು ದಿನ, ಕೊಬ್ಬರಿ ಎಣ್ಣೆಯನ್ನು ತುಂಬಿಕೊಂಡು ಮಾಗಿಯ ಚಳಿಯಲ್ಲಿಯೂ ಮೆದುವಾಗಿ ಉಳಿಯುವ ಬಲೆಯನ್ನು ಏಕೆ ಕಟ್ಟಬಾರದು?

ಆ ವಿದ್ಯಾರ್ಥಿನಿಗೆ ಈ ವಿಷಯವನ್ನೆಲ್ಲ ಹೇಳಿ ಟ್ಯೂಬನ್ನು ಹಿಂತಿರುಗಿಸಿದೆ. ಅವಳು ಸ್ವಲ್ಪ ಹೊತ್ತು ಯೋಚಿಸಿ, “ಹಾಗಾದರೆ ಸಾರ್, ಕೈಗೆ ಇದು, ಹಿಮ್ಮಡಿಗೆ ಅಮ್ಮನ ಎಣ್ಣೆ” ಎಂದಳು. ಅಷ್ಟು ತಿಳಿದರೆ ಟ್ಯೂಬಿಗೆ ಕೊಟ್ಟ ಹಣ ಪೂರ್ತಿ ನಷ್ಟವಾಗಲಿಲ್ಲ. ಇನ್ನೊಂದು ಟ್ಯೂಬು ಕೊಳ್ಳುವ ಮುನ್ನ ಅದರ ಹಿಂಬದಿಯ ಪಟ್ಟಿಯನ್ನು ಓದುವ ಅಭ್ಯಾಸ ನಮ್ಮೆಲ್ಲರಲ್ಲಿ ಬೆಳೆಯಲಿ.